ಆರ್‌ಪಿಜಿ ಆಟಕ್ಕೆ ಊರಿನ ನಕ್ಷೆ ಕಟ್ಟುವ ಬಗೆ: ಮೊದಲು ದಾರಿ, ಆಮೇಲೆ ಮನೆ

ಆರ್‌ಪಿಜಿಗೆ, ಅಂದರೆ ಪಾತ್ರವೊಂದನ್ನು ವಹಿಸಿ ಆಡುವ ವಿಡಿಯೊ ಆಟಕ್ಕೆ, ಊರಿನ ನಕ್ಷೆ ರಚಿಸಲು ಕುಳಿತ ಹೊಸಬರು ಸಾಮಾನ್ಯವಾಗಿ ಮೊದಲು ಮನೆಗಳನ್ನು ಇಡುತ್ತಾರೆ. ಹತ್ತು ಹನ್ನೆರಡು ಮನೆಗಳನ್ನು ಅಂದವಾಗಿ ಜೋಡಿಸಿ, ಉಳಿದ ಜಾಗಕ್ಕೆ ರಸ್ತೆ ಎಳೆದು, ಅಲ್ಲಲ್ಲಿ ಒಂದು ಮರ, ಒಂದು ಬಾವಿ ಸೇರಿಸಿದರೆ ಎಡಿಟರ್‌ನಲ್ಲಿ ಊರು ಚೆನ್ನಾಗಿಯೇ ಕಾಣುತ್ತದೆ. ಆಡಲು ತೊಡಗಿದಾಗ ಅದೇ ಊರು ಬೇಸರ ತರಿಸುತ್ತದೆ. ಅಂಗಡಿ ಎಲ್ಲಿತ್ತೆಂದು ನೆನಪಾಗುವುದಿಲ್ಲ, ತಂಗುದಾಣದಿಂದ ಊರಬಾಗಿಲಿಗೆ ಹೋಗುವುದೇ ಪ್ರಯಾಸವೆನಿಸುತ್ತದೆ, ಎಲ್ಲ ಬೀದಿಗಳೂ ಒಂದೇ ತೆರನಾಗಿ ಕಾಣುತ್ತವೆ. ನಕ್ಷೆ ಬಿಡಿಸುವವರು ಊರನ್ನು ಮೇಲಿನಿಂದ ಇಡಿಯಾಗಿ ನೋಡುತ್ತಾರೆ, ಆಡುವವರು ಅದನ್ನು ಒಂದೊಂದು ಹೆಜ್ಜೆಯಾಗಿ, ಒಂದೊಂದು ಪರದೆಯಷ್ಟಾಗಿ ನೋಡುತ್ತಾರೆ ಎಂಬುದೇ ಇದಕ್ಕೆ ಕಾರಣ. ಆದ್ದರಿಂದ ಊರನ್ನು ನಡಿಗೆಯಿಂದ ಕಟ್ಟಲು ಆರಂಭಿಸಬೇಕು, ದಾರಿಗಳು ನಿಶ್ಚಯವಾದ ಮೇಲೆ ಮನೆಗಳು ಬರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಬರಹದುದ್ದಕ್ಕೂ ಅದನ್ನೇ ಹಂತ ಹಂತವಾಗಿ ವಿವರಿಸುತ್ತೇನೆ.

ಉದಾಹರಣೆಗಳಿಗೆ ಆರ್‌ಪಿಜಿ ಮೇಕರ್ ಎಂವಿ ಎಂಬ ಆಟ ತಯಾರಿಸುವ ತಂತ್ರಾಂಶವನ್ನು ಆರಿಸಿಕೊಂಡಿದ್ದೇನೆ. ಅದರಲ್ಲಿ ಅಳತೆಗಳು ಮೊದಲೇ ನಿಗದಿಯಾಗಿರುವುದರಿಂದ ಲೆಕ್ಕ ಹಾಕುವುದು ಸುಲಭ. ಟೈಲ್ಡ್ ಎಂಬ ಉಚಿತ ನಕ್ಷೆ ಎಡಿಟರ್‌ನಲ್ಲಾಗಲಿ ಗೊಡೋ ಎಂಜಿನ್‌ನಲ್ಲಾಗಲಿ ಕೆಲಸ ಮಾಡುವವರು ಅಂಕಿಗಳನ್ನಷ್ಟೇ ತಮ್ಮ ಆಟಕ್ಕೆ ತಕ್ಕಂತೆ ಬದಲಿಸಿಕೊಳ್ಳಬಹುದು.

ಊರು ಅಲ್ಲೇ ಏಕೆ ಇದೆ

ಕಾಗದದ ಮೇಲೆ ಮೊದಲ ಗೆರೆ ಎಳೆಯುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಬೇಕು: ಜನ ಈ ಜಾಗದಲ್ಲಿ ಏಕೆ ನೆಲೆಸಿದರು? ನದಿ ದಾಟಲು ಆಳವಿಲ್ಲದ ಕಡವು, ಎರಡು ಹೆದ್ದಾರಿಗಳು ಕೂಡುವ ಸ್ಥಳ, ಗಣಿ, ಬಂದರು, ಕೋಟೆ, ತೀರ್ಥಕ್ಷೇತ್ರ, ಇವುಗಳಲ್ಲಿ ಯಾವುದಾದರೊಂದು ಕಾರಣವಿದ್ದರೆ ನಕ್ಷೆಯ ಅರ್ಧ ಭಾಗ ತಾನಾಗಿ ರೂಪುಗೊಳ್ಳುತ್ತದೆ. ನದಿಯ ಕಡವಿನ ಊರಾದರೆ ದೊಡ್ಡ ಬೀದಿ ನೀರಿಗೇ ಹೋಗಿ ಮುಟ್ಟುತ್ತದೆ. ಚರ್ಮ ಹದ ಮಾಡುವವರ ಮತ್ತು ಬಣ್ಣ ಹಾಕುವವರ ಕೇರಿಗಳು ಹರಿವಿನ ಕೆಳಭಾಗಕ್ಕೂ ಕುಡಿಯುವ ನೀರಿನ ಮೆಟ್ಟಿಲು ಮೇಲ್ಭಾಗಕ್ಕೂ ಬರುತ್ತವೆ. ಬೆಂಕಿಯ ಭಯವಿರುವುದರಿಂದ ಕಮ್ಮಾರನ ಕುಲುಮೆ ಮತ್ತು ಕುಂಬಾರರ ಆವಿಗೆ ಹುಲ್ಲಿನ ಮಾಡುಗಳಿಂದ ದೂರ, ಊರಿನ ಅಂಚಿನಲ್ಲಿ ನಿಲ್ಲುತ್ತವೆ.

ನಮ್ಮ ಬಯಲುಸೀಮೆಯ ಊರನ್ನೇ ಆಟಕ್ಕೆ ತರುವುದಾದರೆ ಕೆರೆಯ ತರ್ಕವನ್ನು ಸರಿಯಾಗಿ ಪಾಲಿಸಬೇಕು. ಹಲವರು ಕೆರೆಯನ್ನು ಅಲಂಕಾರಕ್ಕೆಂಬಂತೆ ಊರಿನ ನಡುವೆ ದುಂಡಗೆ ಬಿಡಿಸುತ್ತಾರೆ. ಕೆರೆಗೆ ಒಂದು ಕಡೆ ಏರಿ ಇರುತ್ತದೆ, ಏರಿಯಲ್ಲಿ ತೂಬು ಇರುತ್ತದೆ, ತೂಬಿನ ನೀರು ಏರಿಯ ಕೆಳಗಿನ ಗದ್ದೆಗಳಿಗೆ ಹರಿಯುತ್ತದೆ, ತುಂಬಿದ ಕೆರೆ ಕೋಡಿಯಲ್ಲಿ ಹರಿದು ಹೋಗುತ್ತದೆ. ಈ ನಾಲ್ಕನ್ನು ನಕ್ಷೆಯಲ್ಲಿ ಇಟ್ಟರೆ ಆಟಗಾರರಿಗೆ ಬಿಡುವಿಲ್ಲದಷ್ಟು ಉಪಯೋಗಗಳು ದೊರೆಯುತ್ತವೆ: ಏರಿಯೇ ಊರಿಗೆ ಬರುವ ಎತ್ತರದ ದಾರಿಯಾಗುತ್ತದೆ, ತೂಬು ಒಂದು ಕ್ವೆಸ್ಟಿಗೆ (ಆಟಗಾರರಿಗೆ ಒಪ್ಪಿಸುವ ಕೆಲಸಕ್ಕೆ) ಎಡೆಯಾಗುತ್ತದೆ, ಕೋಡಿಯ ಹಳ್ಳ ಊರಿನ ಒಂದು ಗಡಿಯಾಗುತ್ತದೆ. ಕಾರಣವಿರುವ ವಸ್ತು ಕಥೆಗೂ ನೆರವಾಗುತ್ತದೆ. ಅಲಂಕಾರಕ್ಕೆಂದು ಇಟ್ಟದ್ದು ಹಾಗೆ ನೆರವಾಗುವುದು ಅಪರೂಪ.

ಅಳತೆಯನ್ನು ಸೆಕೆಂಡುಗಳಲ್ಲಿ ನಿಶ್ಚಯಿಸುವುದು

ಎಂವಿಯಲ್ಲಿ ಒಂದು ಟೈಲ್, ಅಂದರೆ ನಕ್ಷೆಯನ್ನು ಜೋಡಿಸುವ ಚೌಕದ ತುಣುಕು, 48 ಪಿಕ್ಸೆಲ್ ಚೌಕ. ಪೂರ್ವನಿಗದಿತ ಪರದೆ 816×624 ಪಿಕ್ಸೆಲ್, ಅಂದರೆ ಅಡ್ಡಕ್ಕೆ 17 ಮತ್ತು ಉದ್ದಕ್ಕೆ 13 ಟೈಲ್‌ಗಳು. ಇದು ಹೊಸ ಮಿತಿಯೇನೂ ಆಗಿರಲಿಲ್ಲ. 1986ರಲ್ಲಿ ಡ್ರ್ಯಾಗನ್ ಕ್ವೆಸ್ಟ್ ಎಂಬ ಆರ್‌ಪಿಜಿ ಬಿಡುಗಡೆಯಾದ ಫ್ಯಾಮಿಕಾಮ್ ಎಂಬ ಆಟದ ಯಂತ್ರದ ಪರದೆ 256×240 ಪಿಕ್ಸೆಲ್‌ಗಳದು, 16 ಪಿಕ್ಸೆಲ್‌ನ ಟೈಲ್ ಇಟ್ಟರೆ ಅದರಲ್ಲಿ 16×15 ಟೈಲ್‌ಗಳಷ್ಟೇ ಹಿಡಿಯುತ್ತವೆ. ತಂಗುದಾಣ, ಆಯುಧದಂಗಡಿ, ಮುಂದಿನ ಪಯಣದ ಸುಳಿವು ಕೊಡುವ ನಾಲ್ಕಾರು ಊರಿನವರು ಎಂಬ ಪರಿಚಿತ ಏರ್ಪಾಡು ಇಂಥ ಇಕ್ಕಟ್ಟಾದ ಕಿಟಕಿಯ ಮೂಲಕವೇ ಆಟಗಾರರನ್ನು ತಲುಪಿತು.

ಈಗ ವೇಗ. ಎಂವಿಯಲ್ಲಿ ಪಾತ್ರದ ಸಾಮಾನ್ಯ ವೇಗ 4 ಎಂದಿರುತ್ತದೆ, ಆ ವೇಗದಲ್ಲಿ ಒಂದು ಟೈಲ್ ದಾಟಲು 16 ಫ್ರೇಮ್ (ಪರದೆಯ ಮೇಲೆ ಒಂದಾದ ಮೇಲೊಂದು ಮೂಡುವ ಚಿತ್ರ) ಬೇಕು. ಸೆಕೆಂಡಿಗೆ 60 ಫ್ರೇಮ್‌ಗಳಾದ್ದರಿಂದ ನಡೆದರೆ ಸೆಕೆಂಡಿಗೆ 3.75 ಟೈಲ್, ಓಡಿದರೆ ಅದರ ಎರಡರಷ್ಟು, ಅಂದರೆ 7.5 ಟೈಲ್ ಸಾಗಬಹುದು. ಊರಿನ ನಕ್ಷೆಯನ್ನು 51×39 ಟೈಲ್ ಎಂದು ಇಟ್ಟುಕೊಂಡರೆ ಅದು ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು, ಒಟ್ಟು ಒಂಬತ್ತು ಪರದೆಗಳಷ್ಟಾಗುತ್ತದೆ. ಪೂರ್ವದ ಅಂಚಿನಿಂದ ಪಶ್ಚಿಮದ ಅಂಚಿಗೆ ನಡೆಯಲು ಸುಮಾರು ಹದಿನಾಲ್ಕು ಸೆಕೆಂಡು, ಓಡಲು ಏಳು ಸೆಕೆಂಡು ಹಿಡಿಯುತ್ತದೆ. ಮಧ್ಯಮ ಗಾತ್ರದ ಊರಿಗೆ ಇಷ್ಟು ಸಾಕು. ತಂತ್ರಾಂಶ 256×256 ಟೈಲ್‌ಗಳವರೆಗೆ ಬಿಡುತ್ತದೆ ಎಂದು ಅಷ್ಟನ್ನೂ ತೆಗೆದುಕೊಂಡರೆ ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯಲು ಒಂದು ನಿಮಿಷಕ್ಕೂ ಮೀರಿದ ಕಾಲ ಬೇಕಾಗುತ್ತದೆ, ದಾರಿಯಲ್ಲಿ ತೋರಿಸಲು ಅಷ್ಟು ಸಾಮಗ್ರಿ ಒಬ್ಬರ ಅಥವಾ ಇಬ್ಬರ ತಂಡದಲ್ಲಿ ಇರುವುದಿಲ್ಲ.

ಆಟಗಾರರು ಊರಿಗೆ ಏಕೆ ಮರಳಿ ಮರಳಿ ಬರುತ್ತಾರೆ ಎಂಬುದನ್ನು ಇಲ್ಲೇ ಪಟ್ಟಿ ಮಾಡಿಕೊಳ್ಳಬೇಕು. ಗಾಯಗೊಂಡ ತಂಡ ತಂಗಲು ಬರುತ್ತದೆ, ಮದ್ದು ಮುಗಿದಾಗ ಅಂಗಡಿಗೆ ಬರುತ್ತದೆ, ಹಣ ಕೂಡಿದಾಗ ಆಯುಧ ಕೊಳ್ಳಲು ಬರುತ್ತದೆ. ತಂಗುವ ಕೆಲಸ ಹತ್ತಾರು ಬಾರಿ ನಡೆಯುತ್ತದೆ, ಊರ ಮುಖಂಡನ ಭೇಟಿ ಒಂದೆರಡು ಬಾರಿಯಷ್ಟೇ. ಹೀಗಾಗಿ ಛತ್ರ ಊರಬಾಗಿಲಿನಿಂದ ಹದಿನೈದು ಟೈಲ್‌ಗಳೊಳಗೆ, ನಾಲ್ಕು ಸೆಕೆಂಡಿನ ನಡಿಗೆಯಲ್ಲಿ ಇರಲಿ, ಮದ್ದಿನ ಅಂಗಡಿ ಅದರ ಮಗ್ಗುಲಲ್ಲೇ ಇರಲಿ. ದೂರದಿಂದ ಬಂದ ದಾರಿಹೋಕರಿಗೆಂದೇ ಛತ್ರಗಳು ಇದ್ದದ್ದರಿಂದ ಊರ ಬಾಗಿಲಿನ ಬಳಿ ಛತ್ರವಿರುವುದು ಕಥೆಗೂ ಒಪ್ಪುತ್ತದೆ. ಮುಖಂಡನ ಮನೆ ಅಥವಾ ದೇವಾಲಯ ದೂರದಲ್ಲಿದ್ದರೆ ತೊಂದರೆಯಿಲ್ಲ. ಆ ಒಂದು ನಡಿಗೆಯಲ್ಲೇ ಆಟಗಾರರು ಇಡೀ ಊರನ್ನು ಒಮ್ಮೆ ನೋಡುವಂತಾಗುತ್ತದೆ, ಆದ್ದರಿಂದ ಮೊದಲ ಭೇಟಿಯ ದಾರಿಯನ್ನು ಉದ್ದೇಶಪೂರ್ವಕವಾಗಿಯೇ ಉದ್ದವಾಗಿಡಬಹುದು.

ಬೆಂಗಳೂರು ಪೇಟೆಯಿಂದ ಕಲಿಯಬಹುದಾದದ್ದು

ದಾರಿಗಳ ಜಾಲ ರೂಪಿಸುವಾಗ ನಿಜವಾದ ಊರೊಂದನ್ನು ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು. ನಾನು ಸೂಚಿಸುವುದು 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಪ್ರಸಿದ್ಧವಾದ ಬೆಂಗಳೂರಿನ ಹಳೆಯ ಪೇಟೆಯನ್ನು. ಉತ್ತರ ದಕ್ಷಿಣವಾಗಿ ದೊಡ್ಡಪೇಟೆ ಬೀದಿ, ಪೂರ್ವ ಪಶ್ಚಿಮವಾಗಿ ಚಿಕ್ಕಪೇಟೆ ಬೀದಿ, ಎರಡೂ ಕೂಡುವಲ್ಲಿ ಚೌಕ. ಬೀದಿಗಳ ತುದಿಗಳಲ್ಲಿ ಉತ್ತರಕ್ಕೆ ಯಲಹಂಕ ಬಾಗಿಲು, ದಕ್ಷಿಣಕ್ಕೆ ಆನೇಕಲ್ ಬಾಗಿಲು, ಪೂರ್ವಕ್ಕೆ ಹಲಸೂರು ಬಾಗಿಲು, ಪಶ್ಚಿಮಕ್ಕೆ ಸೊಂಡೆಕೊಪ್ಪ ಬಾಗಿಲು. ಪೇಟೆಯ ಸುತ್ತ ಮಣ್ಣಿನ ಗೋಡೆ, ಕಂದಕ ಮತ್ತು ಮುಳ್ಳಿನ ಬೇಲಿ, ದಕ್ಷಿಣಕ್ಕೆ ಬೇರೆಯೇ ಆದ ಕೋಟೆ. ದೊಡ್ಡಪೇಟೆ ಬೀದಿಯನ್ನು ಇಂದು ಅವೆನ್ಯೂ ರಸ್ತೆ ಎನ್ನುತ್ತೇವೆ.

ನಕ್ಷೆಗಾರರಿಗೆ ಇದರಲ್ಲಿ ಮೂರು ದೊಡ್ಡ ಪಾಠಗಳಿವೆ. ಬಾಗಿಲುಗಳಿಗೆ ಆ ದಾರಿ ತಲುಪುವ ಊರಿನ ಹೆಸರನ್ನೇ ಇಟ್ಟಿರುವುದು ಮೊದಲನೆಯದು. "ಯಲಹಂಕ ಬಾಗಿಲಿನಿಂದ ಹೊರಡು" ಎಂದು ಒಬ್ಬ ಮುದುಕ ಹೇಳಿದರೆ ಆಟಗಾರರಿಗೆ ಹೊರಗಿನ ಜಗತ್ತಿನ ನಕ್ಷೆಯೂ ಊರಿನೊಳಗಿನ ದಿಕ್ಕೂ ಒಟ್ಟಿಗೇ ತಿಳಿಯುತ್ತವೆ. ಎರಡು ಮುಖ್ಯ ಬೀದಿಗಳು ಒಂದೇ ಕಡೆ ಕೂಡುವುದು ಎರಡನೆಯದು. ದಾರಿ ತಪ್ಪಿದವರು ಯಾವುದಾದರೂ ಅಗಲವಾದ ಬೀದಿ ಹಿಡಿದರೆ ಸಾಕು, ಒಂದು ತುದಿಯಲ್ಲಿ ಬಾಗಿಲು ಸಿಗುತ್ತದೆ, ಇಲ್ಲವೇ ಚೌಕ ಸಿಗುತ್ತದೆ. ಮೂರನೆಯದು ಪೇಟೆಗಳ ವಿಂಗಡಣೆ. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತರಗುಪೇಟೆ ಎಂಬ ಹೆಸರುಗಳನ್ನು ಓದಿದರೇ ಸಾಕು, ಅಲ್ಲಿ ಏನು ಕಾಣಬೇಕು, ಯಾವ ಸದ್ದು ಕೇಳಬೇಕು ಎಂಬುದು ಹೊಳೆಯುತ್ತದೆ. ಅರಳೆಪೇಟೆಯಲ್ಲಿ ಹತ್ತಿಯ ಮೂಟೆಗಳು, ಗಾಣಿಗರ ಬೀದಿಯಲ್ಲಿ ಸುತ್ತುವ ಎತ್ತು, ಕುಂಬಾರರ ಕೇರಿಯಲ್ಲಿ ಒಣಗಲು ಇಟ್ಟ ಮಡಕೆಗಳು. ಹೊಸ ಟೈಲ್‌ಸೆಟ್ (ಟೈಲ್ ಚಿತ್ರಗಳ ಸಂಗ್ರಹ) ಕೊಳ್ಳದೆಯೇ ಇರುವ ನಾಲ್ಕಾರು ವಸ್ತುಗಳಿಂದ ಮೂರು ಭಿನ್ನ ಬಡಾವಣೆಗಳನ್ನು ಹೀಗೆ ಮಾಡಬಹುದು.

ಪೇಟೆಯನ್ನು ಇದ್ದಂತೆಯೇ ನಕಲು ಮಾಡಲು ಹೋಗಬಾರದು. ನಿಜವಾದ ಬೀದಿಯಲ್ಲಿ ಸಾಲು ಸಾಲು ಅಂಗಡಿಗಳಿರುತ್ತವೆ, ಆಟದಲ್ಲಿ ಮೂರು ಅಂಗಡಿ ತೋರಿಸಿ ಉಳಿದವನ್ನು ಊಹೆಗೆ ಬಿಡಬೇಕು. ನಕ್ಷೆಯ ಅಂಚಿನಲ್ಲಿ ಅರ್ಧ ಕತ್ತರಿಸಿದ ಸೂರುಗಳು, ಮುಚ್ಚಿದ ಓಣಿಯ ಬಾಯಿಯಲ್ಲಿ ನಿಂತ ಗಾಡಿ, ಗೋಡೆಯಾಚೆಗೆ ಕಾಣುವ ತೆಂಗಿನ ತಲೆಗಳು ಊರು ಇನ್ನೂ ಮುಂದಕ್ಕಿದೆ ಎಂಬ ಭಾವನೆ ಕೊಡುತ್ತವೆ. ಹೋಗಲಾಗದ ಕಡೆಗೆ ಅಗಲವಾದ, ಖಾಲಿಯಾದ ರಸ್ತೆಯನ್ನು ಮಾತ್ರ ಎಂದೂ ಬಿಡಬಾರದು. ಆಟಗಾರರು ಅಲ್ಲಿಗೆ ಹೋಗಿಯೇ ಹೋಗುತ್ತಾರೆ, ಕಾಣದ ಗೋಡೆಗೆ ತಗಲಿದಾಗ ಊರಿನ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಾರೆ.

ಬಾಗಿಲುಗಳೆಲ್ಲ ದಕ್ಷಿಣಕ್ಕೆ ನೋಡುವ ಲೋಕ

ಟೈಲ್ ಆಧಾರಿತ ಎರಡು ಆಯಾಮದ ಆಟಗಳಲ್ಲಿ ಅತಿ ಹೆಚ್ಚು ತೊಡಕು ಕೊಡುವ ಸಂಗತಿ ಇದು, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಈ ಆಟಗಳಲ್ಲಿ ಕ್ಯಾಮೆರಾ ದಕ್ಷಿಣದಿಂದ ಉತ್ತರಕ್ಕೆ, ಮೇಲಿನಿಂದ ಓರೆಯಾಗಿ ನೋಡುತ್ತಿರುತ್ತದೆ. ಮನೆಯ ದಕ್ಷಿಣದ ಗೋಡೆ ಮಾತ್ರ ಕಾಣುತ್ತದೆ, ಉತ್ತರದ ಗೋಡೆ ಸೂರಿನ ಹಿಂದೆ ಮರೆಯಾಗಿರುತ್ತದೆ. ಪೂರ್ವ ಪಶ್ಚಿಮವಾಗಿ ಹೋಗುವ ಬೀದಿಯ ಎರಡೂ ಬದಿಯಲ್ಲಿ ಮನೆಗಳನ್ನಿಟ್ಟರೆ ಉತ್ತರದ ಸಾಲಿನ ಬಾಗಿಲುಗಳು ಕಾಣುತ್ತವೆ, ದಕ್ಷಿಣದ ಸಾಲಿನವು ಕಾಣುವುದೇ ಇಲ್ಲ. ಬೀದಿಯಲ್ಲಿ ನಡೆಯುವವರ ಕಣ್ಣಿಗೆ ಒಂದು ಕಡೆ ಅಂಗಡಿಗಳ ಮುಖ, ಇನ್ನೊಂದು ಕಡೆ ಸೂರುಗಳ ಬೆನ್ನು.

ಪರಿಹಾರವೆಂದರೆ ಬೀದಿಯನ್ನು ಉದ್ದುದ್ದದ ಪಟ್ಟಿಗಳಾಗಿ ಯೋಚಿಸುವುದು. ಗೋಡೆ ಎರಡು ಟೈಲ್ ಮತ್ತು ಸೂರು ಮೂರು ಟೈಲ್ ಎತ್ತರವಿರುವ ಮನೆ ಒಟ್ಟು 5 ಟೈಲ್ ತೆಗೆದುಕೊಳ್ಳುತ್ತದೆ. ಅದರ ಕೆಳಗೆ 4 ಟೈಲ್ ಅಗಲದ ಬೀದಿ, ಅದಕ್ಕೂ ಕೆಳಗೆ ತಗ್ಗಾದ ವಸ್ತುಗಳಿಗೆ 4 ಟೈಲ್. ಬಾವಿ, ಅರಳಿಕಟ್ಟೆ, ಹೂದೋಟ, ಕಾಲುವೆ, ದನದ ಕೊಟ್ಟಿಗೆ, ಕುಳ್ಳ ಗೋಡೆ ಮೊದಲಾದವು ಈ ಕೊನೆಯ ಪಟ್ಟಿಯಲ್ಲಿ ಚೆನ್ನಾಗಿ ಹೊಂದುತ್ತವೆ. ಮೂರೂ ಸೇರಿ 13 ಟೈಲ್, ಅಂದರೆ ಸರಿಯಾಗಿ ಒಂದು ಪರದೆಯ ಎತ್ತರ. 39 ಟೈಲ್ ಉದ್ದದ ನಕ್ಷೆಯಲ್ಲಿ ಇಂಥ ಮೂರು ಪಟ್ಟಿಗಳು ಹಿಡಿಯುತ್ತವೆ, ಇದೇ ಊರಿನ ಬೆನ್ನೆಲುಬು. ಪಟ್ಟಿಗಳು ಗೆರೆ ಕೊರೆದಂತೆ ನೇರವಾಗಿರಬೇಕೆಂದಿಲ್ಲ. ಎರಡು ಮೂರು ಕಡೆ ಬೀದಿಯನ್ನು ಒಂದೆರಡು ಟೈಲ್ ಮೇಲೆ ಕೆಳಗೆ ಸರಿಸಿದರೆ ಊರು ಕಾಲಾಂತರದಲ್ಲಿ ಬೆಳೆದಂತೆ ಕಾಣುತ್ತದೆ.

ಬೀದಿಯ ಅಗಲಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಎಂವಿಯಲ್ಲಿ ಪಾತ್ರ ಪರದೆಯ ನಡುವೆ ಇರುತ್ತದೆ, ಅದರ ಮೇಲೆ 6 ಸಾಲುಗಳು ಕಾಣುತ್ತವೆ. ಬೀದಿ 4 ಟೈಲ್ ಅಗಲವಿದ್ದು ಪಾತ್ರ ಅದರ ದಕ್ಷಿಣದ ಅಂಚಿನಲ್ಲಿ ನಡೆದರೂ ಮನೆಯ 3 ಸಾಲುಗಳು ಕಾಣುತ್ತವೆ, ಬಾಗಿಲೂ ಅದರ ಮೇಲಿನ ಫಲಕವೂ ಅಷ್ಟರಲ್ಲಿ ಬರುತ್ತವೆ. ಬೀದಿಯನ್ನು 7 ಟೈಲ್‌ಗೆ ಅಗಲಿಸಿದರೆ ದಕ್ಷಿಣದ ಅಂಚಿನಲ್ಲಿ ನಡೆಯುವವರಿಗೆ ಒಂದು ಬಾಗಿಲೂ ಕಾಣದು. ರಾಜಧಾನಿಯ ಬೀದಿ ವಿಶಾಲವಾಗಿರಲಿ ಎಂಬ ಆಸೆಯಿಂದ ಹೀಗೆ ಮಾಡಿದ ನಕ್ಷೆಗಳು ಎಷ್ಟೋ ಇವೆ, ಅವುಗಳಲ್ಲಿ ಕಾಣುವುದು ಕಲ್ಲುಹಾಸು ಮಾತ್ರ. ಚೌಕಕ್ಕೆ 11 ಟೈಲ್ ಅಗಲ, 7 ಟೈಲ್ ಉದ್ದ ಸಾಕಷ್ಟಾಯಿತು. ಅದರ ನಡುವೆ ನಿಂತರೆ ಎಡಬಲದ ಕಟ್ಟಡಗಳ 3 ಟೈಲ್ ಮತ್ತು ಎದುರಿನ ಕಟ್ಟಡಗಳ ಕೆಳಗಿನ 3 ಸಾಲು ಕಾಣುವುದರಿಂದ ಸುತ್ತ ಏನಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಉತ್ತರ ದಕ್ಷಿಣವಾಗಿ ಹೋಗುವ ಬೀದಿಗಳಲ್ಲಿ ಬಾಗಿಲುಗಳು ಬೀದಿಗೆ ನೇರವಾಗಿ ತೆರೆಯುವುದಿಲ್ಲ. ಅಲ್ಲಿ ಪ್ರತಿ ಮನೆಯ ಮುಂದೆ ಎರಡು ಟೈಲ್‌ನ ಅಂಗಳ ಬಿಟ್ಟು, ಅಂಗಳದಿಂದ ಬೀದಿಗೆ ಸವೆದ ಕಾಲುದಾರಿ ಬಿಡಿಸಬೇಕು. ಇಂಥ ಬೀದಿಗಳನ್ನು ಸಂಪರ್ಕಕ್ಕೆಂದು ಚಿಕ್ಕದಾಗಿಟ್ಟು, ಮುಖ್ಯ ಅಂಗಡಿಗಳನ್ನೆಲ್ಲ ಪೂರ್ವ ಪಶ್ಚಿಮದ ಬೀದಿಯ ಉತ್ತರ ಬದಿಗೆ ತರುವುದು ಕ್ಷೇಮ.

ಮನೆಯ ಹಿಂದೆ ನಡೆಯಲು ಎಡೆ ಕೊಡುವುದಾದರೆ ಸೂರಿನ ಮೇಲಿನ ಸಾಲಿಗೆ ಟೈಲ್‌ಸೆಟ್‌ನಲ್ಲಿ ನಕ್ಷತ್ರದ ಗುರುತು ಹಾಕಬೇಕು, ಆಗ ಪಾತ್ರ ಸೂರಿನ ಹಿಂದೆ ಮರೆಯಾಗುತ್ತದೆ. ಆ ಮರೆಯಲ್ಲಿ ಪೆಟ್ಟಿಗೆಯೊಂದನ್ನು ಬಚ್ಚಿಡುವ ಆಸೆ ಎಲ್ಲರಿಗೂ ಬರುತ್ತದೆ. ಬಚ್ಚಿಡಬಹುದು, ಆದರೆ ಮನೆಯ ಪಕ್ಕದಲ್ಲಿ ತುಳಿದ ಹುಲ್ಲಿನ ಜಾಡನ್ನೋ ಸೂರಿನಂಚಿನಲ್ಲಿ ಕಾಣುವ ಏಣಿಯ ತುದಿಯನ್ನೋ ಸುಳಿವಾಗಿ ಬಿಡಬೇಕು. ಸುಳಿವಿಲ್ಲದ ಗುಟ್ಟು ಇದ್ದರೆ ಆಟಗಾರರು ಪ್ರತಿ ಮನೆಯ ಬೆನ್ನನ್ನೂ ತಡವುತ್ತ ಕಾಲ ಕಳೆಯುತ್ತಾರೆ.

ನೆನಪಿನಲ್ಲಿ ಉಳಿಯುವ ಗುರುತುಗಳು

ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ ಬಾಸ್ಟನ್, ಜರ್ಸಿ ಸಿಟಿ ಮತ್ತು ಲಾಸ್ ಏಂಜಲಿಸ್ ನಗರಗಳ ಜನ ತಮ್ಮ ನಗರವನ್ನು ಮನಸ್ಸಿನಲ್ಲಿ ಹೇಗೆ ಚಿತ್ರಿಸಿಕೊಳ್ಳುತ್ತಾರೆ ಎಂದು ಅಧ್ಯಯನ ಮಾಡಿ 1960ರಲ್ಲಿ ಪ್ರಕಟಿಸಿದರು. ದಾರಿಗಳು, ಅಂಚುಗಳು, ಬಡಾವಣೆಗಳು, ಕೂಡುದಾಣಗಳು ಮತ್ತು ಹೆಗ್ಗುರುತುಗಳು ಎಂಬ ಐದು ಅಂಶಗಳನ್ನು ಅವರು ಗುರುತಿಸಿದರು. ಆಟದ ಊರಿಗೂ ಈ ಐದು ಸಾಕು. ನಕ್ಷೆ ಮುಗಿದ ಮೇಲೆ ಐದನ್ನೂ ಐದು ಬಣ್ಣಗಳಲ್ಲಿ ಗುರುತಿಸಿ ನೋಡಿದರೆ ಯಾವುದು ತೆಳುವಾಗಿದೆ ಎಂಬುದು ತಿಳಿಯುತ್ತದೆ.

ಹೆಗ್ಗುರುತಿನ ವಿಷಯದಲ್ಲಿ ಮೂರು ಆಯಾಮದ ಆಟಕ್ಕೂ ಎರಡು ಆಯಾಮದ ಆಟಕ್ಕೂ ದೊಡ್ಡ ಅಂತರವಿದೆ. ಹಂಪಿಯ ವಿರೂಪಾಕ್ಷ ದೇವಾಲಯದ ಮುಂದಿನ ಬಜಾರು ಬೀದಿಯಲ್ಲಿ ನಿಂತರೆ ಪೂರ್ವದ ಮಹಾಗೋಪುರ ಬೀದಿಯ ತುದಿಯಲ್ಲಿ ಎದುರಿಗೇ ಕಾಣುತ್ತದೆ, ದಿಕ್ಕು ತಪ್ಪುವ ಮಾತೇ ಇಲ್ಲ. 2011ರ ಆಟ ಸ್ಕೈರಿಮ್‌ನ ವೈಟ್‌ರನ್ ನಗರ ಇದೇ ಗುಣವನ್ನು ಬಳಸಿಕೊಂಡಿದೆ. ಪ್ಲೇನ್ಸ್, ವಿಂಡ್, ಕ್ಲೌಡ್ ಎಂಬ ಮೂರು ಬಡಾವಣೆಗಳು ಒಂದರ ಮೇಲೊಂದು ಎತ್ತರದಲ್ಲಿವೆ, ಶಿಖರದಲ್ಲಿ ಡ್ರ್ಯಾಗನ್ಸ್‌ರೀಚ್ ಅರಮನೆ. ನಗರದ ಹೊರಗಿನ ಬಯಲಿನಿಂದಲೂ ಅದು ಕಾಣುತ್ತದೆ, ಒಳಗೆ ಹತ್ತುತ್ತ ಹೋದರೆ ಅಧಿಕಾರದ ಕಡೆಗೆ ಹೋಗುತ್ತಿದ್ದೇವೆ ಎಂಬುದು ತಾನಾಗಿ ಮನಸ್ಸಿಗೆ ಬರುತ್ತದೆ. ಇದಕ್ಕೆ ಎದುರಾದ ನಿದರ್ಶನ 2002ರ ಆಟ ಮಾರೋವಿಂಡ್‌ನ ವಿವೆಕ್ ನಗರ. ಭವ್ಯವಾದ ಕಲ್ಪನೆ ಅದು, ನೀರಿನ ಮೇಲೆ ಎದ್ದ ಮೆಟ್ಟಿಲು ಮೆಟ್ಟಿಲಾದ ಬೃಹತ್ ಕಟ್ಟಡಗಳ ಸಾಲು. ಆದರೆ ಆ ಕಟ್ಟಡಗಳು ಒಂದನ್ನೊಂದು ಹೋಲುವುದರಿಂದ ಫಲಕ ಓದದೆ ಎಲ್ಲಿದ್ದೇವೆಂದು ಹೇಳುವುದು ಕಷ್ಟವಾಗುತ್ತದೆ.

ಎರಡು ಆಯಾಮದ ಆಟದಲ್ಲಿ ಗೋಪುರ ದೂರದಿಂದ ಕಾಣುವುದಿಲ್ಲ. ಪರದೆಯಲ್ಲಿರುವುದೇ 13 ಸಾಲು, 9 ಸಾಲಿನ ಗೋಪುರ ಬಿಡಿಸಿದರೂ ಅದು ಮುಂದಿನ ಪರದೆಗೆ ತಲುಪುವುದಿಲ್ಲ. ಇಲ್ಲಿ ಗುರುತಿನ ಕೆಲಸವನ್ನು ನೆಲ ಮಾಡಬೇಕು. ಊರಂಚಿನಲ್ಲಿ ಮಣ್ಣಿನ ದಾರಿ, ಪೇಟೆಯಲ್ಲಿ ಜಲ್ಲಿ, ದೇವಾಲಯದ ರಥಬೀದಿಯಲ್ಲಿ ಚಪ್ಪಡಿ ಕಲ್ಲು ಎಂದು ನೆಲ ಬದಲಾಗುತ್ತ ಹೋದರೆ ಕೇಂದ್ರ ಹತ್ತಿರವಾಗುತ್ತಿದೆ ಎಂಬುದು ಆಟಗಾರರಿಗೆ ಯೋಚಿಸದೆಯೇ ಗೊತ್ತಾಗುತ್ತದೆ. ಹರಿಯುವ ಕಾಲುವೆಯೂ ಹೀಗೆಯೇ ಉಪಯುಕ್ತ, ಅದರ ಹರಿವು ಸದಾ ಒಂದೇ ದಿಕ್ಕಿಗೆ. ಕುಲುಮೆಯ ಬಡಿತ, ದೇವಾಲಯದ ಗಂಟೆ, ಸಂತೆಯ ಗದ್ದಲವನ್ನು ಹತ್ತಿರ ಹೋದಂತೆ ಜೋರಾಗುವ ಹಿನ್ನೆಲೆ ಸದ್ದಾಗಿ ಸೇರಿಸಬಹುದು. ಇದರೊಡನೆ ಒಂಬತ್ತು ಪರದೆಗಳಲ್ಲಿ ಪ್ರತಿಯೊಂದಕ್ಕೂ ಬೇರೆಲ್ಲೂ ಇಲ್ಲದ ಒಂದು ವಸ್ತುವನ್ನು ಮೀಸಲಿಡಬೇಕು: ಒಂದು ಕಡೆ ಬಿದ್ದ ತೇರಿನ ಗಾಲಿ, ಇನ್ನೊಂದು ಕಡೆ ಕೆಂಪು ಚಪ್ಪರ, ಮತ್ತೊಂದು ಕಡೆ ಎರಡು ಕವಲಿನ ಆಲ. ಅದೇ ಚಪ್ಪರವನ್ನು ಚೆನ್ನಾಗಿದೆಯೆಂದು ನಾಲ್ಕು ಕಡೆ ಹಾಕಿದರೆ ಅದು ಗುರುತಾಗಿ ಉಳಿಯುವುದಿಲ್ಲ.

ಫಲಕಗಳ ಬಗ್ಗೆ ಕನ್ನಡದಲ್ಲಿ ಆಟ ಮಾಡುವವರಿಗೆ ವಿಶೇಷ ಸೂಚನೆಯೊಂದಿದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ 48 ಪಿಕ್ಸೆಲ್‌ನ ಒಂದು ಟೈಲ್‌ನಲ್ಲಿ ಓದಬಲ್ಲ ಹೆಸರನ್ನು ಬರೆಯುವುದು ಕಷ್ಟ. ಫಲಕದ ಮೇಲೆ ಮದ್ದಿನ ಕುಡಿಕೆ, ಕತ್ತಿ, ಚಾಪೆ ಇಂಥ ಚಿತ್ರಗಳನ್ನಿಟ್ಟು, ಹತ್ತಿರ ಹೋಗಿ ಒತ್ತಿದಾಗ ಹೆಸರು ತೋರಿಸುವುದು ಉತ್ತಮ. ಎಂವಿಯ ಮೂಲ ಅಕ್ಷರಶೈಲಿಯಲ್ಲಿ ಕನ್ನಡವಿಲ್ಲ, ಕನ್ನಡದ ಫಾಂಟನ್ನು ನಾವೇ ಸೇರಿಸಬೇಕು. ನಕ್ಷೆಗೆ ಪ್ರವೇಶಿಸಿದಾಗ ಮೂಡುವ ಊರಿನ ಹೆಸರು ಒಟ್ಟಾಗಿ ಬರೆಯಲ್ಪಡುವುದರಿಂದ ಆಗ ಸರಿಯಾಗಿಯೇ ಕಾಣುತ್ತದೆ. ಸಂಭಾಷಣೆಯ ಪೆಟ್ಟಿಗೆ ಮಾತ್ರ ಪಠ್ಯವನ್ನು ಬಿಡಿ ಬಿಡಿಯಾಗಿ ಬರೆಯುತ್ತದೆ. ಹೀಗಾಗಿ ಕಾಗುಣಿತವೂ ಒತ್ತಕ್ಷರವೂ ಒಡೆಯುತ್ತವೆ, ಅದನ್ನು ಪ್ಲಗಿನ್ (ತಂತ್ರಾಂಶಕ್ಕೆ ಸೇರಿಸುವ ಕೋಡಿನ ತುಣುಕು) ಮೂಲಕ ಸರಿಪಡಿಸದೆ ಊರಿನವರಿಂದ ಕನ್ನಡ ಮಾತನಾಡಿಸಲಾಗದು.

ಊರಿನ ಜನ

ಒಂಬತ್ತು ಪರದೆಯ ಊರಿಗೆ ಹದಿನೈದರಿಂದ ಹದಿನೆಂಟು ಮಂದಿ ಸಾಕು, ಪರದೆಗೆ ಸುಮಾರು ಇಬ್ಬರು. ಚೌಕದಲ್ಲಿ ನಾಲ್ವರನ್ನೂ ಓಣಿಯಲ್ಲಿ ಒಬ್ಬರನ್ನೂ ಇಟ್ಟರೆ ಜಾಗದ ಸ್ವಭಾವ ಎದ್ದು ಕಾಣುತ್ತದೆ. ಕಥೆಗೆ ಅಗತ್ಯವಾದ ಮಾತನ್ನು ಹೇಳುವವರು ಒಂದೆಡೆ ನಿಂತಿರಲಿ, ಅಲೆದಾಡುವವರು ಕೇವಲ ಊರಿನ ಹರಟೆ ಹೇಳಲಿ. ಮುಖ್ಯ ಸುಳಿವು ಕೊಡುವ ಅಜ್ಜಿಯನ್ನು ಹುಡುಕಿಕೊಂಡು ಊರೆಲ್ಲ ಓಡಾಡುವಂತೆ ಮಾಡಬಾರದು.

ಅಲೆದಾಡುವ ಪಾತ್ರಗಳಿಗೂ ದಾರಿಯ ಅಗಲಕ್ಕೂ ನೇರ ಸಂಬಂಧವಿದೆ. ಒಂದು ಟೈಲ್ ಅಗಲದ ಓಣಿಗೆ ಅಂಥವರೊಬ್ಬರು ಹೊಕ್ಕರೆ ಆಟಗಾರರ ದಾರಿ ಮುಚ್ಚಿಹೋಗುತ್ತದೆ, ಆ ಓಣಿಯ ಕೊನೆ ಮುಚ್ಚಿದ್ದರೆ ಒಳಗಿದ್ದವರು ಹೊರಬರಲಾಗದೆ ಕಾಯುತ್ತ ನಿಲ್ಲಬೇಕಾಗುತ್ತದೆ. ಯಾರಾದರೂ ಅಲೆದಾಡುವ ಬೀದಿ ಮೂರು ಟೈಲ್‌ಗಿಂತ ಕಿರಿದಾಗಿರಬಾರದು. ಕಿರಿದಾದ ಓಣಿಗಳಲ್ಲಿ ಪಾತ್ರವನ್ನು ನಿಲ್ಲಿಸಬೇಕು, ಇಲ್ಲವೇ ಓಣಿಯೊಳಗೆ ಹೋಗದಂತೆ ಗೊತ್ತಾದ ಜಾಡನ್ನು ಕೊಡಬೇಕು. ಅಂಗಡಿಯ ಒಳಗೆ ಮೇಜಿನ ಟೈಲ್‌ಗೆ ಕೌಂಟರ್ ಗುಣ ಕೊಡುವುದನ್ನು ಮರೆಯಬಾರದು, ಅದಿಲ್ಲದಿದ್ದರೆ ಮೇಜಿನಾಚೆ ಇರುವ ವರ್ತಕನೊಡನೆ ಮಾತನಾಡಲಾಗದು.

ಜನರಿಗೆ ದಿನಚರಿ ಕೊಡುವ ಕ್ರಮ 1988ರ ಅಲ್ಟಿಮಾ 5 ಆಟದಲ್ಲೇ ಇತ್ತು. ಊರಿನವರು ಹೊತ್ತಿಗೆ ತಕ್ಕಂತೆ ಕೆಲಸಕ್ಕೆ, ಊಟಕ್ಕೆ, ಮಲಗಲು ಹೋಗುತ್ತಿದ್ದರು. 2000ದ ಮಜೋರಾಸ್ ಮಾಸ್ಕ್ ಆಟ ಇದನ್ನು ಇನ್ನಷ್ಟು ದೂರ ಕೊಂಡೊಯ್ಯಿತು. ಅದರ ಕ್ಲಾಕ್ ಟೌನ್ ಎಂಬ ಊರು ಗಾತ್ರದಲ್ಲಿ ಚಿಕ್ಕದು, ನಡುವೆ ಗಡಿಯಾರ ಗೋಪುರ, ಸುತ್ತ ನಾಲ್ಕು ದಿಕ್ಕಿನ ಹೆಸರಿನ ಭಾಗಗಳು. ಮೂರು ದಿನಗಳ ಅವಧಿ ಮತ್ತೆ ಮತ್ತೆ ಮರಳುವುದರಿಂದ ಆಟಗಾರರು ಯಾರು ಯಾವ ಹೊತ್ತಿನಲ್ಲಿ ಎಲ್ಲಿರುತ್ತಾರೆ ಎಂಬುದನ್ನು ಕಲಿಯುತ್ತಾರೆ, ಹಾಗಾಗಿ ಆ ಕೆಲವೇ ಬೀದಿಗಳು ದೊಡ್ಡ ನಗರವೊಂದಕ್ಕಿಂತ ತುಂಬಿದಂತೆ ಅನ್ನಿಸುತ್ತವೆ. ನನಗೆ ತಿಳಿದಂತೆ ಆಟಗಳ ಊರುಗಳಲ್ಲಿ ಅಧ್ಯಯನಕ್ಕೆ ಅದಕ್ಕಿಂತ ಯೋಗ್ಯವಾದದ್ದು ಇನ್ನೊಂದಿಲ್ಲ. ಸಣ್ಣ ತಂಡಕ್ಕೆ ಅಷ್ಟು ಸಾಧ್ಯವಾಗದಿದ್ದರೆ ಪ್ರತಿಯೊಬ್ಬರಿಗೂ ಹಗಲಿಗೊಂದು, ರಾತ್ರಿಗೊಂದು ಜಾಗ ಕೊಟ್ಟರೂ ಸಾಕು. ಎಂವಿಯಲ್ಲಿ ಒಂದು ಸ್ವಿಚ್ (ಆನ್ ಅಥವಾ ಆಫ್ ಎಂದು ನೆನಪಿಡುವ ಗುರುತು) ಮತ್ತು ಪ್ರತಿ ಪಾತ್ರಕ್ಕೂ ಹಗಲಿನ ಜಾಗದಲ್ಲೊಂದು, ರಾತ್ರಿಯ ಜಾಗದಲ್ಲೊಂದು ಇವೆಂಟ್ (ನಕ್ಷೆಯ ಮೇಲೆ ಇಡುವ ಪಾತ್ರ ಅಥವಾ ಘಟನೆ) ಇಟ್ಟರೆ ಇದು ಮುಗಿಯುತ್ತದೆ.

ಒಳಾಂಗಣ, ವಿಭಾಗ, ಬದಲಾವಣೆ

ಮನೆಯ ಒಳಗು ಹೊರಗಿಗಿಂತ ದೊಡ್ಡದಾಗಿರುವುದನ್ನು ಆಟಗಾರರು ಒಪ್ಪಿಕೊಳ್ಳುತ್ತಾರೆ, ಆದರೆ ಬಾಗಿಲು ಎಡಕ್ಕಿದ್ದದ್ದು ಒಳಗೆ ಬಲಕ್ಕೆ ಬಂದರೆ ಗೊಂದಲಗೊಳ್ಳುತ್ತಾರೆ. ಹೊರಬಂದಾಗ ಪಾತ್ರವನ್ನು ಬಾಗಿಲಿನಿಂದ ಒಂದು ಟೈಲ್ ಕೆಳಗೆ, ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಬೇಕು. ಎಲ್ಲ ಮನೆಗಳನ್ನೂ ತೆರೆಯಬೇಕಾಗಿಲ್ಲ. ತೆರೆಯುವ ಬಾಗಿಲಿಗೂ ತೆರೆಯದ ಬಾಗಿಲಿಗೂ ಒಂದು ಸ್ಥಿರವಾದ ವ್ಯತ್ಯಾಸ, ಉದಾಹರಣೆಗೆ ತೆರೆಯುವ ಮನೆಯ ಮುಂದೆ ಮಾತ್ರ ರಂಗೋಲಿ, ಇದ್ದರೆ ವೃಥಾ ಓಡಾಟ ತಪ್ಪುತ್ತದೆ.

ಊರು ಒಂಬತ್ತು ಪರದೆಗಳಿಗಿಂತ ಬಹಳ ದೊಡ್ಡದಾಗುವುದಾದರೆ ಅದನ್ನು ಎರಡು ಮೂರು ನಕ್ಷೆಗಳಾಗಿ ಒಡೆಯುವುದು ಮೇಲು. ಒಡೆಯುವ ಜಾಗ ಸೇತುವೆ, ಕೋಟೆಬಾಗಿಲು, ಮೆಟ್ಟಿಲಿನಂಥ ಸಹಜವಾದ ಅಂಚಾಗಿರಲಿ. ದೊಡ್ಡ ಆಟಗಳೂ ಇದನ್ನು ಮಾಡಿವೆ: ಸ್ಕೈರಿಮ್‌ನಲ್ಲಿ ವೈಟ್‌ರನ್, ಸಾಲಿಟ್ಯೂಡ್ ಮೊದಲಾದ ಗೋಡೆಯುಳ್ಳ ಐದು ನಗರಗಳು ಬಾಗಿಲು ತೆರೆದಾಗ ಪ್ರತ್ಯೇಕವಾಗಿ ಲೋಡ್ ಆಗುತ್ತವೆ, ಮೋರ್ಥಲ್‌ನಂಥ ಚಿಕ್ಕ ಊರುಗಳು ಹೊರಗಿನ ಜಗತ್ತಿನಲ್ಲೇ ಇವೆ.

ಕಥೆಯ ನಡುವೆ ಊರು ಬದಲಾಗುವುದಿದ್ದರೆ ಅದಕ್ಕೆ ಮೊದಲೇ ಜಾಗ ಕಾದಿರಿಸಬೇಕು. ಸೇತುವೆ ದುರಸ್ತಿಯಾಗುವುದು, ಹೊಸ ಅಂಗಡಿ ತೆರೆಯುವುದು ಮುಂತಾದ ಸಣ್ಣ ಬದಲಾವಣೆಗಳನ್ನು ಇವೆಂಟ್‌ಗಳಲ್ಲೇ ಮಾಡಬಹುದು. ಊರು ಸುಟ್ಟುಹೋಗುವಂಥ ದೊಡ್ಡ ಬದಲಾವಣೆಗೆ ನಕ್ಷೆಯ ಒಂದು ನಕಲು ಮಾಡಿ ತಿದ್ದಬೇಕಾಗುತ್ತದೆ. ಮೂಲ ನಕ್ಷೆ ಪೂರ್ತಿ ಪರೀಕ್ಷೆಯಾಗುವ ತನಕ ಆ ನಕಲು ಮಾಡಬಾರದು, ಮಾಡಿದರೆ ಪ್ರತಿ ತಪ್ಪನ್ನೂ ಎರಡೆರಡು ಕಡೆ ತಿದ್ದುವ ಕೆಲಸ ಬೀಳುತ್ತದೆ.

ಪರೀಕ್ಷೆ

ಎರಡು ಬಗೆಯ ಪರೀಕ್ಷೆ ಬೇಕು. ಮೊದಲನೆಯದನ್ನು ನಾವೇ ಮಾಡಬೇಕು: ಊರಿನ ಇಡೀ ಅಂಚನ್ನೂ ಪ್ರತಿ ಕಟ್ಟಡದ ನಾಲ್ಕು ಬದಿಗಳನ್ನೂ ಸವರಿಕೊಂಡು ನಡೆಯುವುದು. ಸೂರಿನ ಮೇಲೆ ಹತ್ತಿಬಿಡುವ, ನೀರಿನಲ್ಲಿ ನಡೆದುಬಿಡುವ, ಬೇಲಿಯ ಮೂಲೆಯಲ್ಲಿ ಸಿಕ್ಕಿಕೊಳ್ಳುವ ತಪ್ಪುಗಳು ಇದರಿಂದಲೇ ಹೊರಬರುತ್ತವೆ. ಇದನ್ನು ಮನೆಗಳಿಗೆ ಅಲಂಕಾರ ಮಾಡುವ ಮೊದಲೇ, ಬರೀ ದಾರಿಗಳೂ ಪೆಟ್ಟಿಗೆಯಂಥ ಕಟ್ಟಡಗಳೂ ಇರುವಾಗ ಒಮ್ಮೆ ಮಾಡಿದರೆ ದೂರಗಳ ಅಂದಾಜು ಸರಿಯಿದೆಯೇ ಎಂಬುದೂ ತಿಳಿಯುತ್ತದೆ.

ಎರಡನೆಯ ಪರೀಕ್ಷೆಗೆ ಆಟವನ್ನು ಹಿಂದೆಂದೂ ನೋಡದ ಮೂವರು ಬೇಕು. ಅವರಿಗೆ ಛತ್ರ ಹುಡುಕಿ, ಮದ್ದು ಕೊಂಡು, ಮುಖಂಡನನ್ನು ಕಂಡು, ಬೇರೊಂದು ಬಾಗಿಲಿನಿಂದ ಹೊರಡುವ ಕೆಲಸ ಕೊಟ್ಟು, ಸುಮ್ಮನೆ ಪಕ್ಕದಲ್ಲಿ ಕುಳಿತಿರಬೇಕು. ಎಲ್ಲಿ ನಿಂತರು, ಎಲ್ಲಿ ಹಿಂದಿರುಗಿದರು ಎಂಬುದನ್ನು ನಕ್ಷೆಯ ಮುದ್ರಿತ ಪ್ರತಿಯ ಮೇಲೆ ಗುರುತು ಹಾಕಿಕೊಳ್ಳಬೇಕು, ಬಾಯಿಬಿಟ್ಟು ದಾರಿ ಹೇಳಬಾರದು. ಆಟ ನಿಲ್ಲಿಸಿದ ಮೇಲೆ ಖಾಲಿ ಹಾಳೆ ಕೊಟ್ಟು ಊರನ್ನು ನೆನಪಿನಿಂದ ಬಿಡಿಸಲು ಕೇಳಬೇಕು. ಲಿಂಚ್ ಕೂಡ ತಮ್ಮ ಅಧ್ಯಯನದಲ್ಲಿ ನಗರವಾಸಿಗಳಿಂದ ಇಂಥ ರೇಖಾಚಿತ್ರಗಳನ್ನು ಬರೆಸಿದ್ದರು. ಚಿತ್ರ ಅಂದವಾಗಿರಬೇಕಾಗಿಲ್ಲ. ಚೌಕಕ್ಕೂ ಬಾಗಿಲುಗಳಿಗೂ ನಡುವಿನ ಸಂಬಂಧ ಸರಿಯಾಗಿದ್ದರೆ ದಾರಿಗಳು ಕೆಲಸ ಮಾಡುತ್ತಿವೆ ಎಂದು ತಿಳಿಯಬಹುದು. ಮೂವರ ಚಿತ್ರದಲ್ಲೂ ಒಂದೇ ಭಾಗ ಬಿಟ್ಟುಹೋಗಿದ್ದರೆ ಅಲ್ಲಿ ಕ್ವೆಸ್ಟ್ ಅಥವಾ ಅಂಗಡಿಯೊಂದು ಇದೆಯೇ ಎಂದು ನೋಡಬೇಕು. ಇದ್ದರೆ ಆ ಭಾಗಕ್ಕೆ ಹೊಸ ನೆಲ, ಹೊಸ ಸದ್ದು, ಹೊಸ ಗುರುತು ಕೊಡಬೇಕು. ಏನೂ ಇಲ್ಲದಿದ್ದರೆ ಆ ಭಾಗವನ್ನು ತೆಗೆದುಹಾಕಿ, ಅದರ ಎರಡು ಬದಿಯ ಬೀದಿಗಳನ್ನು ಹತ್ತಿರ ತಂದು, ಅದೇ ಕೆಲಸವನ್ನು ಬೇರೊಬ್ಬರಿಗೆ ಕೊಟ್ಟು ಮತ್ತೊಮ್ಮೆ ಆಡಿಸಬೇಕು.